ಎಡಮಗ್ಗುಲಲ್ಲಿ ಎದ್ದ ಸೈಕಲ್

ಬಾಗಲಕೋಟೆಯಲ್ಲಿ ಸೈಕಲ್ ಹೊಡೆಯುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಬೆಳಗಿನ ಜಾವ ಗದ್ದನಕೇರಿ ಕ್ರಾಸಿನ ಕಡೆ ಹೋಗಿ ನಿಂತರೆ ಕ್ರೀಡಾ ಹಾಸ್ಟೆಲಿನ ಹುಡುಗ ಹುಡುಗಿಯರು ಬಗ್ಗಿಸಿದ ಬೆನ್ನು ನೆಟ್ಟಗೆ ಮಾಡದೆ ಸಾಲಾಗಿ ಸೊಂಯ್ ಎಂದು ದಾಟಿಹೋಗುತ್ತಾರೆ. ವಿಜಯಪುರ-ಬಾಗಲಕೋಟೆ ಸೀಮೆಯವರು ರಾಷ್ಟ್ರೀಯ ಸೈಕ್ಲಿಂಗಿನಿಂದ ಪದಕ ತರುವುದು ಎಷ್ಟು ರೂಢಿಯಾಗಿದೆ ಎಂದರೆ, ಪೇಪರಿನಲ್ಲಿ ಆ ಸುದ್ದಿ ಕಂಡರೆ ನಮ್ಮ ಮಂದಿ ಜೋಳದ ಧಾರಣಿ ನೋಡಲು ಪುಟ ತಿರುವಿಹಾಕುತ್ತಾರೆ. ಇಂಥ ಊರಿನಲ್ಲಿ, ಕಿರಾಣಿ ಅಂಗಡಿಯವರು ತಕ್ಕಡಿ ಕೆಳಗಿಟ್ಟು ಹೊರಗೆ ಬಂದು ನೋಡುವ ಹಾಗೆ ಸೈಕಲ್ ಹೊಡೆದ ಕೀರ್ತಿ ನನ್ನದು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬಲಗೈ ಸ್ಕ್ರೂ ನಿಯಮವನ್ನು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆದು, ಬಲಗೈ ಎತ್ತಿ ಗಾಳಿಯಲ್ಲಿ ತಿರುಗಿಸಿ ತೋರಿಸುವುದು ನನ್ನ ಹೊಟ್ಟೆಪಾಡು. ಆ ಹೊಟ್ಟೆಯೇ ಈಚೆಗೆ ಸಮಸ್ಯೆಯಾಗಿ, ಡಾಕ್ಟರು "ಸರ, ಸೈಕಲ್ ಹೊಡೀರಿ" ಎಂದರು. ಬೇರೆಯವರಾಗಿದ್ದರೆ ಸೈಕಲ್ ಹೊಡೆಯುತ್ತಿದ್ದರು. ನಾನು ಮೊದಲು ಓದಲು ಕುಳಿತೆ. ಎಲ್ಲ ಕೆಟ್ಟದ್ದೂ ಶುರುವಾಗುವುದು ಅಲ್ಲಿಂದಲೇ.

ಓದುತ್ತ ಓದುತ್ತ 2016ರ ರಿಯೋ ಒಲಿಂಪಿಕ್ಸಿಗೆ ಬಂದೆ. ಅಮೆರಿಕದ ಮಹಿಳೆಯರ ಟೀಮ್ ಪರ್ಸ್ಯೂಟ್ ತಂಡ ಅಲ್ಲಿ ಓಡಿಸಿದ ಫೆಲ್ಟ್ ಕಂಪನಿಯ ಟ್ರ್ಯಾಕ್ ಸೈಕಲ್ಲಿನ ಫೋಟೋ ಇತ್ತು. ನೋಡಿದೆ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಚೈನು ಎಡಗಡೆ! ಅಚ್ಚುಹಾಕುವಾಗ ಫೋಟೋ ತಿರುಗಿಬಿದ್ದಿದೆ ಎಂದುಕೊಂಡರೆ ಅಕ್ಷರಗಳು ನೆಟ್ಟಗೇ ಇದ್ದವು. ವೆಲೊಡ್ರೋಮಿನಲ್ಲಿ ಓಟ ಯಾವಾಗಲೂ ಗಡಿಯಾರದ ಮುಳ್ಳಿಗೆ ವಿರುದ್ಧ, ಅಂದರೆ ಸದಾ ಎಡಕ್ಕೇ ತಿರುವು. ಚೈನು, ಹಲ್ಲಿನ ಚಕ್ರಗಳ ಭಾರ ಒಳಬದಿಗೆ ಬಂದರೆ ಒಳ್ಳೆಯದು, ಗಾಳಿಯ ತಡೆಯೂ ಒಂದಿಷ್ಟು ಕಡಿಮೆಯಾಗುತ್ತದೆ ಎಂಬುದು ಅದನ್ನು ಮಾಡಿದವರ ಲೆಕ್ಕ. ಅದು ಫಿಕ್ಸೆಡ್ ಗೇರ್ ಸೈಕಲ್, ಫ್ರೀವೀಲ್ ಇಲ್ಲ. ಚಕ್ರ ತಿರುಗುವ ತನಕ ಪೆಡಲ್ ತಿರುಗುತ್ತದೆ, ಪೆಡಲ್ ತಿರುಗುವ ತನಕ ಕಾಲು ತಿರುಗಲೇಬೇಕು. ಇಳಿಜಾರಿನಲ್ಲಿ ಕಾಲು ಸುಮ್ಮನಿಟ್ಟು ಹಾಡು ಗುನುಗುವ ಸುಖವಿಲ್ಲ. ಟ್ರ್ಯಾಕಿನ ಸೈಕಲ್ಲಿಗೆ ಬ್ರೇಕೂ ಇರುವುದಿಲ್ಲ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ರೋವರ್ ಸೈಕಲ್ ಮಾಡಿದಾಗಿನಿಂದ ಲೋಕವೆಲ್ಲ ಚೈನನ್ನು ಬಲಕ್ಕೆ ಹಾಕಿಕೊಂಡು, ಯಾಕೆ ಎಂದು ಕೇಳದೆ ತುಳಿಯುತ್ತಿದೆ. ಕೇಳಲು ನಾನು ಬೇಕಾಯಿತು.

ಬೆಳಿಗ್ಗೆ ಅವ್ವನ ಮುಂದೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗುಡಿ ಸುತ್ತೋದು ಬಲಕ್ಕಪ್ಪಾ. ಎಡಕ್ಕ ಸುತ್ತೋದು ಯಾವ ಕೆಲಸಕ್ಕಂತ ಇಷ್ಟ ಓದಿದಾವಗ ಗೊತ್ತಿಲ್ಲೇನು?" ಎಂದಳು. ವೆಲೊಡ್ರೋಮಿನ ಕಲ್ಪನೆಗೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆಯನ್ನು ನಾನು ಇವತ್ತಿಗೂ ಕೇಳಿಲ್ಲ.

ಅಪ್ಪನ ಕಾಲದ ಅಟ್ಲಾಸ್ ಸೈಕಲ್ ಹಿತ್ತಲಲ್ಲಿತ್ತು. ಇಪ್ಪತ್ನಾಲ್ಕು ಇಂಚಿನ ಫ್ರೇಮು, ರಾಡ್ ಬ್ರೇಕು, ಡಬಲ್ ಸ್ಟ್ಯಾಂಡು. ಆ ಕಂಪನಿ ಉಳಿದಿದ್ದ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನ. ಈ ಸೈಕಲ್ಲಿಗೆ ಮುಂದೆ ನಾನು ಮಾಡಿದ್ದನ್ನು ನೋಡುವ ಯೋಗ ಕಂಪನಿಗೆ ಬರಲಿಲ್ಲವಲ್ಲ ಎಂಬುದೊಂದೇ ಸಮಾಧಾನ. ಅದನ್ನು ನೂಕಿಕೊಂಡು ನವನಗರದ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯ ಕಾಕಾ ಹಳೇ ಬಾಗಲಕೋಟೆಯವರು. ಆಲಮಟ್ಟಿಯ ಹಿನ್ನೀರು ಬಂದು ಮುಳುಗಡೆಯಾದಾಗ ಪಾನಾ, ಪಂಪು, ಪಂಚರಿನ ನೀರಿನ ಬೋಗುಣಿ ಸಮೇತ ಸೆಕ್ಟರಿಗೆ ಬಂದು ಕುಂತವರು. ಊರೇ ಮುಳುಗಿದ್ದನ್ನು ಕಂಡವರಿಗೆ ನನ್ನ ಬೇಡಿಕೆಯಿಂದ ಗಾಬರಿಯಾಗಲಿಲ್ಲ.

"ಚೈನ್ ಆ ಕಡೆ ಹಾಕಬೇಕ್ರಿ?"

"ಹೌದು ಕಾಕಾ."

"ಯಾಕ್ರಿ ಸರ, ಈ ಕಡೆ ಏನಾತು?"

ನಾನು ರಿಯೋ ಕಥೆ ಹೇಳಿದೆ. ಕಾಕಾ ಪೂರ್ತಿ ಕೇಳಿ, ಎಲೆ ಅಡಿಕೆ ಉಗುಳಿ ಬಂದು, ಕಾಟರ್ ಪಿನ್ನಿಗೆ ಸುತ್ತಿಗೆ ಏಟು ಹಾಕಿದರು.

ಮೊದಲ ಹಂತ ಸಲೀಸಾಗಿ ಮುಗಿಯಿತು. ಬಿ.ಬಿ. ಆಕ್ಸಲ್ ತಿರುವಿ ಹಾಕಿ, ಹಲ್ಲಿನ ಚಕ್ರವಿರುವ ಕ್ರ್ಯಾಂಕನ್ನು ಎಡಕ್ಕೆ ತಂದು, ಹಿಂದಿನ ಗಾಲಿಯನ್ನು ಮಗ್ಗುಲು ಬದಲಿಸಿ ಕೂಡಿಸಿದರೆ ಚೈನು ಎಡಗಡೆ ಬಂದೇಬಿಟ್ಟಿತು. ನಾನು ಹತ್ತಿ ತುಳಿದೆ. ಕಟಕಟಕಟ ಎಂದು ಸದ್ದು ಬಂತೇ ಹೊರತು ಸೈಕಲ್ ನಿಂತಲ್ಲೇ. ಫ್ರೀವೀಲನ್ನು ಮಗ್ಗುಲು ಬದಲಿಸಿದರೆ ಅದು ಹಿಡಿಯುವ ದಿಕ್ಕೂ ಬದಲಾಗುತ್ತದೆ ಎಂಬುದು ನನ್ನ ಲೆಕ್ಕದಿಂದ ತಪ್ಪಿತ್ತು. ಇರಲಿ ಎಂದು ಹಿಂದಕ್ಕೆ ತುಳಿದೆ. ಸೈಕಲ್ ಗಕ್ಕನೆ ಹಿಡಿದು, ನನ್ನನ್ನು ಹೊತ್ತುಕೊಂಡು ಹಿಮ್ಮುಖವಾಗಿ ಪಕ್ಕದ ಚಹಾದಂಗಡಿಯ ಬೆಂಚಿಗೆ ಹೋಗಿ ನಿಂತಿತು. ಬೆಂಚಿನ ಮೇಲಿದ್ದವರು ಕಾಲು ಮೇಲೆತ್ತಿಕೊಂಡರು. ಒಬ್ಬರು ಮಾತ್ರ, "ರಿವರ್ಸ್ ಗೇರ್ ಹಾಕಿಸೀರೇನ್ರಿ ಸರ?" ಎಂದು ಗೌರವದಿಂದಲೇ ವಿಚಾರಿಸಿದರು.

ಅಡ್ಡಿಯಿಲ್ಲ, ನನಗೆ ಬೇಕಾದದ್ದು ಫಿಕ್ಸೆಡ್ ತಾನೇ? ಫ್ರೀವೀಲಿಗೆ ವೆಲ್ಡಿಂಗ್ ಹೊಡೆಸಿ ಒಳಗಿನ ಆಟ ಬಂದು ಮಾಡಿಸಿದೆವು. ಮತ್ತೆ ಹತ್ತಿದೆ. ಈ ಸಲ ಸೈಕಲ್ ಮುಂದೆ ಹೋಯಿತು, ನಾಲ್ಕು ಮಾರು. ಅಲ್ಲಿಗೆ ಪೆಡಲ್ ಇದ್ದಕ್ಕಿದ್ದಂತೆ ಹಗುರಾಯಿತು. ಫ್ರೀವೀಲು ಹಬ್ಬಿಗೆ ಕೂಡುವುದು ಬಲಸುತ್ತಿನ ಥ್ರೆಡ್ಡಿನಿಂದ. ಬಲಗಡೆ ಇದ್ದಾಗ ತುಳಿದಷ್ಟೂ ಬಿಗಿಯಾಗುತ್ತದೆ, ಎಡಗಡೆ ಇಟ್ಟರೆ ತುಳಿದಷ್ಟೂ ಬಿಚ್ಚಿಕೊಳ್ಳುತ್ತದೆ. ನಿಜವಾದ ಟ್ರ್ಯಾಕ್ ಹಬ್ಬಿನಲ್ಲಿ ಹಲ್ಲಿನ ಚಕ್ರದ ಮೇಲೆ ಉಲ್ಟಾ ಥ್ರೆಡ್ಡಿನ ಲಾಕ್‌ರಿಂಗ್ ಇರುತ್ತದೆ. ಅಂಥ ಗಾಲಿಯನ್ನು ಮಗ್ಗುಲು ಬದಲಿಸಿದರೂ ತುಳಿತದ ಭಾರವೆಲ್ಲ ಆ ತೆಳ್ಳಗಿನ ಬಳೆಯ ಮೇಲೇ ಬೀಳುತ್ತದೆ. ಕಂಬಿಯ ಮೇಲೆ ಬಲಮಗ್ಗುಲಲ್ಲಿ ಜಾರುವ ಬಿಎಂಎಕ್ಸ್ ಹುಡುಗರಿಗಾಗಿ ಎಡಗಡೆ ಥ್ರೆಡ್ಡಿನ ಹಬ್ಬುಗಳನ್ನೇ ಮಾಡುತ್ತಾರೆ. ನವನಗರದಲ್ಲಿ ಕಂಬಿಯ ಮೇಲೆ ಜಾರುವವರು ಇಲ್ಲದ್ದರಿಂದ ಆ ಹಬ್ಬೂ ಇಲ್ಲ.

ಕಾಕಾ ಕಳಚಿದ ಫ್ರೀವೀಲನ್ನು ಅಂಗೈಯಲ್ಲಿಟ್ಟು, "ನನ್ನ ಮೊಮ್ಮಗಳು ನಿಮ್ಮ ಕ್ಲಾಸಿನ್ಯಾಗ ಅದಾಳ್ರಿ. ಬಲಗೈ ಸ್ಕ್ರೂ, ಬಲಗೈ ಸ್ಕ್ರೂ ಅಂತ ದಿನಾ ಬಾಯಿಪಾಠ ಹೊಡೀತಾಳ್ರಿ," ಎಂದರು. ಅಷ್ಟೇ ಎಂದರು.

ಮಾನ ಉಳಿಸಿಕೊಳ್ಳಲು ಹಲ್ಲಿನ ಚಕ್ರವನ್ನು ನೇರ ಹಬ್ಬಿಗೇ ವೆಲ್ಡ್ ಮಾಡಿಸಿದೆ. ಗ್ರೀಸು ಸುಟ್ಟ ವಾಸನೆ ಓಣಿಯ ತುಂಬ ಹರಡಿತು. ಪಾಪ, ಕಾಕಾ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು: "ಕ್ರ್ಯಾಂಕ್ ಅದಲುಬದಲು ಆಗ್ಯಾವ. ಪೆಡಲ್ ಬಿಚ್ಚತಾವ್ರಿ ಸರ." ಇಲ್ಲಿ ಮಾತ್ರ ನಾನು ಬಿಡಲಿಲ್ಲ. ಬಲಗಡೆಯ ಪೆಡಲ್ಲಿಗೆ ಬಲಸುತ್ತಿನ ಥ್ರೆಡ್ಡು, ಎಡಗಡೆಯದಕ್ಕೆ ಎಡಸುತ್ತಿನದು ಎಂಬುದು ನನಗೂ ಗೊತ್ತು. ಸೀಮೆಸುಣ್ಣ ತೆಗೆದು ಅಂಗಡಿಯ ಶಟರಿನ ಮೇಲೆ ಚಿತ್ರ ಬರೆದೆ. ಪೆಡಲಿನ ಗುಂಡುಗಳ ತಿಕ್ಕಾಟ ಕಡ್ಡಿಯನ್ನು ಯಾವ ಕಡೆ ಎಳೆಯುತ್ತದೆ, ಬಾಣ ಯಾವ ಕಡೆ, ಟಾರ್ಕ್ ಯಾವ ಕಡೆ. ಆದ್ದರಿಂದ ಅದಲುಬದಲು ಮಾಡಿದರೆ ಪೆಡಲ್ ಬಿಗಿಯೇ ಆಗಬೇಕು, ಮುಗಿಯಿತು. ಕಾಕಾ ಚಿತ್ರವನ್ನು ಬಹಳ ಹೊತ್ತು ನೋಡಿ, "ಅದು ಖರೆ ಇರಬಹುದ್ರಿ. ಪಾನಾ ಒಂದು ಕಿಸೆದಾಗ ಇಟ್ಕೊಂಡಿರ್ರಿ," ಎಂದರು.

ಬಾದಾಮಿಯಲ್ಲಿ ನನ್ನ ಮಾವನ ಮನೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಸೈಕಲ್ ಮೇಲೇ ಹೋಗುವುದೆಂದು ಸಾರಿದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಸ್ಸಿಗೆ ಹೋದಳು, ಹೋಗುವಾಗ ನನ್ನ ಫೋನಿನ ಚಾರ್ಜ್ ಎಷ್ಟಿದೆ ಎಂದು ನೋಡಿ ಹೋದಳು.

ಗದ್ದನಕೇರಿ ಕಡೆ ರಿಯಾಜಿಗೆ ಹೋಗಿದ್ದ ಹಾಸ್ಟೆಲಿನ ಹುಡುಗನೊಬ್ಬ ಊರ ಹೊರಗೆ ಸಿಕ್ಕು ಪಕ್ಕಕ್ಕೆ ಬಂದ. ಕೈ ಬಿಟ್ಟು ನಮಸ್ಕಾರ ಮಾಡಿದ, ಅವನಿಗೆ ಅದು ಬರುತ್ತದೆ. "ಸರ, ನಿಮ್ಮ ಚೈನ್ ಆ ಕಡೆ ಐತ್ರಿ," ಎಂದ, ಪ್ಯಾಂಟಿನ ಗುಂಡಿ ಹಾಕಿಲ್ಲವೆಂದು ಹಿರಿಯರಿಗೆ ತಿಳಿಸುವ ದನಿಯಲ್ಲಿ. ನಾನು ಏದುಸಿರು ಬಿಡುತ್ತಲೇ ರಿಯೋ, ವೆಲೊಡ್ರೋಮು, ಒಳಬದಿಯ ಭಾರ ಎಲ್ಲ ವಿವರಿಸಿದೆ. ಆ ತಂಡಕ್ಕೆ ಬೆಳ್ಳಿ ಬಂತು ಎಂದೆ.

"ಬಂಗಾರ ಯಾರಿಗೆ ಬಂತ್ರಿ ಸರ?"

"ಬ್ರಿಟನ್ನಿಗೆ. 4 ನಿಮಿಷ 10.236 ಸೆಕೆಂಡು. ವಿಶ್ವದಾಖಲೆ."

"ಅವರ ಚೈನ್ ಯಾವ ಕಡೆ ಇತ್ರಿ?"

ನಾನು ಉತ್ತರ ಕೊಡುವ ಮೊದಲೇ ಅವನು ಮುಂದೆ ಹೋಗಿಬಿಟ್ಟ. ಒಳ್ಳೆಯ ಸಂಸ್ಕಾರದ ಹುಡುಗ.

ಗುಳೇದಗುಡ್ಡದ ಹತ್ತಿರ ಎಡಪೆಡಲ್ ಅಲುಗಾಡತೊಡಗಿತು. ಇಳಿದು ಪಾನಾ ತೆಗೆದು, ಎಡಪೆಡಲನ್ನು ಬಿಗಿ ಮಾಡುವುದು ಎಡಕ್ಕೆ ಎಂಬ ಜನ್ಮಾಂತರದ ಅಭ್ಯಾಸದಲ್ಲಿ ತಿರುಗಿಸಿದೆ. ಪೆಡಲ್ ಕೈಗೇ ಬಂತು. ಈಗ ಎಡಗಡೆ ಇರುವುದು ಬಲಗಡೆಯ ಪೆಡಲ್ಲಲ್ಲವೇ? ಬಲಕ್ಕೆ ತಿರುಗಿಸಿ ಕೂಡಿಸಿದೆ. ಇನ್ನೊಂದು ಹರದಾರಿಗೆ ಬಲಗಡೆಯದು ಅಲುಗಾಡಿತು. ಅದಕ್ಕೆ ಎಡಕ್ಕೆ. ಹೀಗೆ ಒಮ್ಮೆ ಎಡಗಡೆಯದನ್ನು ಬಲಕ್ಕೆ, ಒಮ್ಮೆ ಬಲಗಡೆಯದನ್ನು ಎಡಕ್ಕೆ ತಿರುವುತ್ತ, ಬಾದಾಮಿ ಮುಟ್ಟುವಷ್ಟರಲ್ಲಿ ಊಟ ಮಾಡುವ ಕೈ ಯಾವುದೆಂದೇ ಗೊಂದಲವಾಗಿತ್ತು.

ರಾತ್ರಿ ಹೆಂಡತಿಯ ಬಳೆಯೊಳಗೆ ಪೆನ್ಸಿಲ್ ಒತ್ತಿ ಉರುಳಿಸಿ ನೋಡಿದೆ. ಪೆನ್ಸಿಲ್ ಬಲಕ್ಕೆ ಸುತ್ತುಹಾಕಿದರೆ ತಾನು ಮಾತ್ರ ಎಡಕ್ಕೆ ತಿರುಗುತ್ತದೆ. ಪೆಡಲಿನ ಕಡ್ಡಿಯೂ ಕ್ರ್ಯಾಂಕಿನ ತೂತಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೆ ಸಾಕು, ಕಾಲಿನ ಒತ್ತಡ ಸುತ್ತುತ್ತಾ ಹೋದಂತೆ ಹೀಗೇ ಉರುಳಿ ಉರುಳಿ ಬಿಚ್ಚಿಕೊಳ್ಳುತ್ತದೆ. ಇದರ ಬಲದ ಮುಂದೆ ನಾನು ಶಟರಿನ ಮೇಲೆ ಬರೆದ ತಿಕ್ಕಾಟ ಯಾವ ಲೆಕ್ಕಕ್ಕೂ ಇಲ್ಲ. ಬಿಚ್ಚಿಕೊಳ್ಳದ ಪೆಡಲ್ ನಮ್ಮಲ್ಲಿದೆ ಎಂದು ರೈಟ್ ಸಹೋದರರು 1900ರಲ್ಲೇ ತಮ್ಮ ಸೈಕಲ್ ಅಂಗಡಿಯಿಂದ ಜಾಹೀರಾತು ಕೊಟ್ಟಿದ್ದರು. ಅವರು ಆಮೇಲೆ ವಿಮಾನ ಹಾರಿಸಿದರು. ಪೆಡಲ್ ನೆಟ್ಟಗೆ ನಿಂತಮೇಲೆ ಮನುಷ್ಯನಿಗೆ ಬೇರೆ ವಿಚಾರಗಳು ಹೊಳೆಯುತ್ತವೆ.

ಮರುದಿನ ದರ್ಶನ. ಬಾದಾಮಿಯಿಂದ ಬನಶಂಕರಿಗೆ ಐದು ಕಿಲೋಮೀಟರು. "ತಾಯಿ ದರ್ಶನಕ್ಕ ಪ್ಯಾಂಟ್ ಯಾಕ್ರಿ ಅಳಿಯಂದ್ರ?" ಎಂದು ಮಾವ ತಮ್ಮ ಜರಿಯಂಚಿನ ಧೋತರ ಕೊಟ್ಟರು. ಉಟ್ಟುಕೊಂಡು, ಎಲ್ಲರೂ ಹತ್ತುವ ಹಾಗೆ ಎಡಗಡೆಯಿಂದಲೇ ಎಡಗಾಲು ಪೆಡಲಿನ ಮೇಲಿಟ್ಟು ಜಿಗಿದು ಹತ್ತಿದೆ. ನಮ್ಮ ಹಿರಿಯರು ಇಷ್ಟು ವರ್ಷ ಧೋತರ ಉಟ್ಟು ಸೈಕಲ್ ಹೊಡೆದದ್ದು ಯಾವ ಧೈರ್ಯದ ಮೇಲೆ ಎಂಬುದು ನನಗೆ ತಿಳಿದದ್ದು ಜಾತ್ರೆಯ ಅಂಗಡಿ ಸಾಲಿಗೆ ಬಂದಾಗ. ಅವರು ಹತ್ತಿ ಇಳಿಯುವ, ನೂಕಿಕೊಂಡು ನಡೆಯುವ ಬದಿಯಲ್ಲಿ ಚೈನೇ ಇರಲಿಲ್ಲ. ಬಲಗಡೆ ಇದ್ದದ್ದಕ್ಕೂ ಚೈನ್ ಕವರ್ ಇತ್ತು.

ಗದ್ದಲದಲ್ಲಿ ಇಳಿಯೋಣವೆಂದು ಎಡಕ್ಕೆ ವಾಲಿದೆ. ಧೋತರದ ಅಂಚು ಮೊದಲು ಚೈನಿನ ಮೇಲ್ಭಾಗವನ್ನು ಸುಮ್ಮನೆ ಸವರಿತು. ಚೈನು ಅದನ್ನು ಮುಂದಕ್ಕೆ ಒಯ್ದು ಹಲ್ಲಿಗೆ ಕೊಟ್ಟಿತು. ಒಂದೊಂದೇ ಹಲ್ಲು, ಒಂದೊಂದು ಕೊಂಡಿಯ ನಡುವೆ, ಜರಿಯನ್ನು ಅಚ್ಚುಕಟ್ಟಾಗಿ ಮಡಿಸಿ ಒಳಗೆಳೆದುಕೊಂಡಿತು. ಸಾದಾ ಸೈಕಲ್ಲಾಗಿದ್ದರೆ ಕಾಲು ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ಇದು ಫಿಕ್ಸೆಡ್. ಗಾಲಿ ಉರುಳುತ್ತಿದೆ, ಗಾಲಿ ನನ್ನ ಕಾಲನ್ನು ತುಳಿಸುತ್ತಿದೆ, ಕಾಲು ನನ್ನದೇ ಧೋತರವನ್ನು ಬಿಚ್ಚುತ್ತಿದೆ. ರಾಡ್ ಬ್ರೇಕ್ ಎಳೆಯಬೇಕಾದ ಕೈ ಸೊಂಟದ ಗಂಟು ಹಿಡಿದಿತ್ತು. ಬೆಂಡು ಬತ್ತಾಸಿನ ಅಂಗಡಿಯೊಂದರ ಮುಂದೆ ನಾನು, ಸೈಕಲ್ಲು, ಅರ್ಧ ಧೋತರ ಒಟ್ಟಿಗೆ ನೆಲ ಕಂಡೆವು.

ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟು ಹಾಕಿ ವಾರಗಟ್ಟಲೆ ಆಟ ಆಡುತ್ತವೆ. ಕೂಡಿದ ಮಂದಿಯಲ್ಲಿ ಒಬ್ಬ ಅಜ್ಜ ಬಹಳ ಖುಷಿಯಿಂದ ಕೇಳಿದ: "ಯಾವ ಕಂಪನಿಯವರ್ರಿ? ರಾತ್ರಿ ಆಟದಾಗೂ ಇರ್ತೀರೇನ್ರಿ?" ಇಬ್ಬರು ಹುಡುಗರು ಹಿಂದಿನ ಗಾಲಿ ಎತ್ತಿ ಹಿಂದುಮುಂದಾಗಿ ತಿರುಗಿಸಿದರು. ಸೈಕಲ್ಲು ಧೋತರವನ್ನು ಸಾವಕಾಶವಾಗಿ, ಎಣ್ಣೆ ಹಚ್ಚಿ, ವಾಪಸು ಕೊಟ್ಟಿತು. ಮನೆಯಲ್ಲಿ ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದಕ್ಕ 44 ಹಲ್ಲಲ್ರಿ? ಅಷ್ಟೂ ಎಣಿಸಬಹುದು," ಎಂದರು. ಅಳಿಯನಾದವನಿಗೆ ಬೈಯಬಾರದೆಂಬ ಪದ್ಧತಿ ಎಷ್ಟು ಕ್ರೂರವಾದದ್ದು ಎಂಬುದು ಅವರ ಮುಖ ನೋಡಿದವರಿಗೆ ಗೊತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಪೆಡಲಿನ ಥ್ರೆಡ್ಡಿಗೆ ಲಾಕ್‌ಟೈಟ್ ಅಂಟು ಹಾಕಿ, ಪ್ಯಾಂಟಿನ ಕಾಲಿಗೆ ದಾರ ಕಟ್ಟಿ, ಬೇಸಿಗೆ ರಜೆಯಲ್ಲಿ ಇಳಕಲ್ಲಿಗೆ ಹೊರಟೆ. ಕಮತಗಿಯವರೆಗೆ ದೇವರಿದ್ದ. ಅಮೀನಗಡದಲ್ಲಿ ಕರದಂಟು ತಿನ್ನಲು ನಿಂತಾಗ ಸೈಕಲ್ ಸುತ್ತ ಮಂದಿ ಕೂಡಿತು. ಮೊದಲೆಲ್ಲ ಹಳ್ಳಿಗಳಿಗೆ ನಾನ್‌ಸ್ಟಾಪ್ ಸೈಕಲ್ ಹೊಡೆಯುವವರು ಬಂದು, ಸಾಲೆಯ ಬಯಲಿನಲ್ಲಿ ಹಗಲು ರಾತ್ರಿ ಕೆಳಗಿಳಿಯದೆ ಸುತ್ತುತ್ತಿದ್ದರಲ್ಲ, ಹಾಗೆಂದು ತಿಳಿದ ಹಿರಿಯರೊಬ್ಬರು ನನ್ನ ಹೊಟ್ಟೆ ನೋಡಿ, "ಎಷ್ಟ್ ದಿನದ ಪ್ರೋಗ್ರಾಂ? ಆಗತೈತೇನ್ ನಿಮ್ಮ ಕೈಲೆ?" ಎಂದು ಅನುಮಾನಪಟ್ಟರು.

ಹುನಗುಂದ ಇನ್ನೇನು ಬಂತು ಎನ್ನುವಾಗ ಹಿಂದಿನಿಂದ ಟಣ್ ಎಂದಿತು. ಹಬ್ಬಿನ ವೆಲ್ಡಿಂಗ್ ಬಿರುಕು ಬಿಟ್ಟಿತ್ತು. ಊರಿನೊಳಗೆ ನೋಡಿದವರೆಲ್ಲ ಇಳಕಲ್ಲಿನ ಕಡೆ ಕೈ ತೋರಿಸಿದರು. ಅಲ್ಲಿ ಗ್ರಾನೈಟ್ ಕೊರೆಯುವ, ಪಾಲಿಶ್ ಮಾಡುವ ಕಾರ್ಖಾನೆಗಳಿವೆ, ಅವುಗಳ ಯಂತ್ರ ರಿಪೇರಿಗೆ ಲೇಥು, ಗ್ಯಾಸ್ ವೆಲ್ಡಿಂಗು ಎಲ್ಲ ಇರುತ್ತವೆ ಎಂದರು. ಟಂಟಂ ಗಾಡಿಯ ಹಿಂದೆ ಸೈಕಲ್ ಕಟ್ಟಿಸಿಕೊಂಡು ಹೆದ್ದಾರಿ ಹಿಡಿದೆ.

ಇಳಕಲ್ಲಿನ ವೆಲ್ಡರ್ ಹರೆಯದ ಹುಡುಗ, ಮಾತು ಕಡಿಮೆ. ಹಬ್ಬನ್ನು ತಿರುವಿ ನೋಡಿ, "ಇದಕ್ಕ ವೆಲ್ಡಿಂಗ್ ಅಲ್ರಿ, ಉಲ್ಟಾ ಥ್ರೆಡ್ ಬೇಕಾಗೈತಿ," ಎಂದ. ಉಲ್ಟಾ ಥ್ರೆಡ್ಡು ನಿನಗೆ ಹೇಗೆ ಗೊತ್ತು ಎಂದೆ, ಪರೀಕ್ಷಕನ ಗತ್ತಿನಲ್ಲಿ. ಅವನು ಮೂಲೆಯ ಎರಡು ಸಿಲಿಂಡರುಗಳ ಹತ್ತಿರ ಕರೆದೊಯ್ದ. ಅಸಿಟಿಲೀನ್ ಪೈಪಿನ ನಟ್ಟಿನ ಮೂಲೆಗಳಲ್ಲಿ ಸಣ್ಣ ಗೀರಿನಂಥ ಕಚ್ಚುಗಳಿದ್ದವು. ಆಕ್ಸಿಜನ್ನಿನ ನಟ್ಟು ನುಣ್ಣಗಿತ್ತು. "ಕಚ್ಚು ಇದ್ರ ಎಡಕ್ಕ ಅಂತ ಅರ್ಥರಿ. ಈ ಪೈಪ್ ತಪ್ಪಿ ಆ ಸಿಲಿಂಡರಿಗೆ ಕೂಡಿದ್ರ ಜೀವಕ್ಕ ಅಪಾಯ, ಅದಕ್ಕ ಕೂಡದಂಗ ಉಲ್ಟಾ ಇಟ್ಟಾರ. ನಿಮ್ಮದನ್ನ ಯಾಕ್ರಿ ಉಲ್ಟಾ ಮಾಡೀರಿ?"

ರಿಯೋ ಎನ್ನಲು ಬಾಯಿ ತೆರೆದೆ. ಅವನ ಕೈಯಲ್ಲಿ ಗ್ಯಾಸಿನ ಟಾರ್ಚ್ ಇತ್ತು. "ಹಿಂಗ, ಸುಮ್ನ," ಎಂದೆ.

ಲೇಥಿನವರಿಂದ ಹಬ್ಬಿನ ಥ್ರೆಡ್ಡು ತೆಗೆಸಿ, ಉಲ್ಟಾ ಕೊರೆಸಿ, ಹಲ್ಲಿನ ಚಕ್ರಕ್ಕೂ ಹಾಗೇ ಮಾಡಿಸಿ, ಮುಗಿಯುವಷ್ಟರಲ್ಲಿ ಸಂಜೆ. ಅಷ್ಟರಲ್ಲಿ ಹೆಂಡತಿಯ ಫೋನು. ಎಲ್ಲಿದ್ದೀರಿ ಎಂದಳು, ಇಳಕಲ್ಲು ಎಂದುಬಿಟ್ಟೆ. ಇಳಕಲ್ಲಿನಿಂದ ಬರಿಗೈಯಲ್ಲಿ ಮನೆಗೆ ಬರುವ ಗಂಡಸು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಮಗ್ಗದ ಮನೆಯೊಂದರಲ್ಲಿ ತೋಪು ತೆನೆ ಸೆರಗಿನ ಸೀರೆ ತೆಗೆದುಕೊಂಡೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸುವುದನ್ನು ನೇಕಾರ ತೋರಿಸಿದ. ಒಂದು ಕುಣಿಕೆಯೂ ಬಿಚ್ಚುವುದಿಲ್ಲ, ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಡಾಕ್ಟರ ಸಲಹೆ, ಫ್ರೀವೀಲು, ವೆಲ್ಡಿಂಗು, ಧೋತರ, ಟಂಟಂ, ಲೇಥು, ಸೀರೆ, ಬಸ್ಸಿನಲ್ಲಿ ಸೈಕಲ್ಲಿಗೆ ಲಗೇಜ್ ಟಿಕೆಟ್ಟು, ಎಲ್ಲ ಕೂಡಿಸಿದರೆ ಗೇರಿನ ಹೊಸ ಸೈಕಲ್ ಬಂದು ಮೇಲೆ ಚಿಲ್ಲರೆ ಉಳಿಯುತ್ತಿತ್ತು.

ಆದರೂ ಒಂದು ಮಾತು ಹೇಳುತ್ತೇನೆ, ಉಲ್ಟಾ ಥ್ರೆಡ್ಡಾದ ಮೇಲೆ ಆ ಸೈಕಲ್ಲು ಒಂದು ದಿನವೂ ಕೈಕೊಟ್ಟಿಲ್ಲ. ಕ್ರೀಡಾಂಗಣದಲ್ಲಿ ವಾಕಿಂಗಿನವರು ಬರುವ ಮೊದಲು ಹೋಗಿ ಎಡಕ್ಕೆ ಸುತ್ತುತ್ತೇನೆ. ಬಲಕ್ಕೆ ತಿರುಗುವುದು ಅದಕ್ಕೂ ಬರುತ್ತದೆ, ನಾನೇ ತಿರುಗಿಸುವುದಿಲ್ಲ. ಹೊಟ್ಟೆ ಇದ್ದಲ್ಲೇ ಇದೆ. ಈಗ ಅವ್ವನ ಒತ್ತಾಯಕ್ಕೆ ಮಾರಲು ತಯಾರಿದ್ದೇನೆ. ಕೊಳ್ಳುವವರು ಧೋತರ ಉಡುವವರಾಗಿರಬಾರದು, ಬಲಗಡೆಯಿಂದ ಹತ್ತಲು ಕಲಿಯಬೇಕು, ಪಾನಾ ಹಿಡಿಯುವ ಮುಂಚೆ ಒಂದು ಗಳಿಗೆ ವಿಚಾರ ಮಾಡಬೇಕು. ಬೆಲೆಯಲ್ಲಿ ಹೆಚ್ಚುಕಡಿಮೆ ಮಾತಾಡೋಣ. ಚೈನ್ ಕವರ್ ಮಾತ್ರ ಕೇಳಬೇಡಿ, ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಹುಡುಕಿದ್ದೇನೆ, ಎಡಗಡೆಯದು ಎಲ್ಲೂ ಸಿಗುವುದಿಲ್ಲ.